ದೂರ ಇಡುವುದರ ಎರಡು ಹೆಸರು

ಪಾಲಮ್ಮನಿಗೆ ಅರವತ್ತು ದಾಟಿದೆ. ಹಂಪಸಾಗರದ ಕಡೆಯ ನಮ್ಮೂರಿನಲ್ಲಿ ಅವಳಷ್ಟು ಕುರಿ ಸಾಕಿದವರಿಲ್ಲ, ಅವಳಷ್ಟು ಪ್ರಶ್ನೆ ಕೇಳುವವರೂ ಇಲ್ಲ. ಓದು ಬಾರದು. ಆದರೆ ಗೋಡೆಯ ಮೇಲೆ ಯಾರು ಏನೇ ಅಂಟಿಸಿದರೂ ಓದಿಸಿಕೊಳ್ಳದೆ ಬಿಡುವವಳಲ್ಲ. ಊರಿನ ಆಶಾ ಕಾರ್ಯಕರ್ತೆಯಾದ ನನ್ನ ತಲೆ ತಿನ್ನಲಿಕ್ಕೇ ಹುಟ್ಟಿದ್ದಾಳೆ ಎಂದು ಎಷ್ಟೋ ಸಲ ಸಿಟ್ಟು ಬಂದಿದೆ.

ಕೊರೊನಾ ವರ್ಷದಲ್ಲಿ ಅವಳ ಮಗಳು ಸುಮಲತಾ ಆರು ತಿಂಗಳ ಬಸುರಿ. ಗೋವಾದಲ್ಲಿ ಕೂಲಿಗಿದ್ದವಳು ಊರಿಗೆ ಬಂದಳು. ಹೊರಗಿನಿಂದ ಬಂದವರನ್ನು ಶಾಲೆಯಲ್ಲಿ ಇಡಬೇಕಿತ್ತು, ನಾನೇ ಕರೆದೊಯ್ದು ಬಿಟ್ಟೆ. ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ಅವಳಿಗಿಂತ ಮೊದಲೇ ಬಂದಿದ್ದ ನಮ್ಮೂರಿನ ಬೆನಕಪ್ಪ ಮಲಗಿದ್ದ. ಅವನಿಗೆ ಕೊರೊನಾ ಇದೆಯೆಂದು ವರದಿ ಬಂದಿತ್ತು, ಆಂಬುಲೆನ್ಸ್ ಬರುವುದು ಸಂಜೆಗೆ.

ಅಷ್ಟರಲ್ಲಿ ಪಾಲಮ್ಮ ಶಾಲೆಯ ಗೇಟಿಗೆ ಬಂದು ನಿಂತಳು.

"ಕ್ರಾಂತಿ, ಗ್ವಾಡಿ ಮ್ಯಾಲೆ ಏನ್ ಬರದೈತಿ?"

"ಕ್ವಾರಂಟೈನ್ ಅಂತ ಒಂದು, ಐಸೋಲೇಷನ್ ಅಂತ ಒಂದು."

"ಏನ್ ಫರಕ್?"

"ಎರಡೂ ಒಂದ ಯವ್ವಾ. ದೂರ ಇಡೋದು."

"ಒಂದ ಆದ್ರ ಎರಡು ಹೆಸರು ಯಾಕ ಇಟ್ರು?"

ನನಗೆ ಗೊತ್ತಿರಲಿಲ್ಲ. ತರಬೇತಿಯಲ್ಲಿ ಹೇಳಿದ್ದರು, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ನಾಚಿಕೆಯಾಗಿ ಡಾಕ್ಟರಿಗೆ ಫೋನ್ ಮಾಡಿದೆ. ರೋಗ ತಗುಲಿದೆಯೋ ಇಲ್ಲವೋ ತಿಳಿಯದವರನ್ನು ಹದಿನಾಲ್ಕು ದಿನ ಕಾದು ನೋಡುವುದು ಕ್ವಾರಂಟೈನ್. ರೋಗ ಖಾತ್ರಿಯಾದವರನ್ನು ವಾಸಿಯಾಗುವ ತನಕ ಬೇರೆ ಇಡುವುದು ಐಸೋಲೇಷನ್. ಅದನ್ನೇ ಪಾಲಮ್ಮನಿಗೆ ಹೇಳಿದೆ.

ಅವಳು ಉರಿದುಬಿದ್ದಳು. "ಇದು ನಮಗ ಗೊತ್ತಿಲ್ಲೇನ? ಸಂತ್ಯಾಗ ಕೊಂಡ ಕುರಿ ಹದಿನೈದು ದಿನ ಬ್ಯಾರೆ ದೊಡ್ಡ್ಯಾಗ ಕೂಡಿ ಹಾಕ್ತೀವಿ, ನೀರಿನ ಬಾನಿನೂ ಬ್ಯಾರೆ. ರೋಗದ ಕುರಿ ಇನ್ನೊಂದು ಕಡಿಗೆ. ಎರಡೂ ಒಂದ ಕಡಿ ಕೂಡಿ ಹಾಕಿದ್ರ ಹಿಂಡು ಉಳಿತೈತೇನ? ನನ್ನ ಮಗಳ್ನ ಎಲ್ಲಿ ಬಿಟ್ಟಿ ನೀ?"

ಒಳಗೆ ಓಡಿದೆ. ಆ ಕ್ಷಣವೇ ಸುಮಲತಾಳನ್ನು ಬೇರೆ ಕೋಣೆಗೆ ಕಳಿಸಿದೆ. ಆಮೇಲೆ ಹದಿನಾಲ್ಕೂ ದಿನ, ಜ್ವರ ಬಂದಿದೆಯೇ ಎಂದು ದಿನಕ್ಕೆರಡು ಸಲ ಹೋಗಿ ನೋಡುತ್ತಿದ್ದೆ. ಆ ಹುಡುಗಿಗೆ ಏನಾದರೂ ಆಗಿದ್ದರೆ ನಾನು ನನ್ನನ್ನೇ ಕ್ಷಮಿಸಿಕೊಳ್ಳುತ್ತಿರಲಿಲ್ಲ. ಪುಣ್ಯಕ್ಕೆ ಏನೂ ಆಗಲಿಲ್ಲ.

ಹದಿನೈದನೇ ದಿನ ಅವಳನ್ನು ಮನೆಗೆ ಕರೆತಂದೆ. ಪಾಲಮ್ಮ ಮಗಳನ್ನು ತಬ್ಬಿಕೊಂಡು ಅತ್ತಳು, ಒಳಗೆ ಕಳಿಸಿದಳು. ಬಾಗಿಲಲ್ಲೇ ನಿಂತು ನನಗೆ ಹೊರಗಿನ ಕಟ್ಟೆ ತೋರಿಸಿದಳು. "ಕುಂದ್ರು, ಚಾ ತರ್ತೀನಿ."

ಊರ ಹೊರಗಿನ ನಮ್ಮ ಕೇರಿಯವರು ಕೂರುವುದು ಆ ಕಟ್ಟೆಯ ಮೇಲೆಯೇ. ಆರು ವರ್ಷದಿಂದ ನಾನೂ ಅಲ್ಲೇ ಕೂತು ಅವಳ ಬಿಪಿ ನೋಡಿದ್ದೇನೆ. ಅವತ್ತು ಮಾತ್ರ ತಡೆಯಲಾಗಲಿಲ್ಲ.

"ಯವ್ವಾ, ಯಾವಾಗ್ಲೂ ನೀ ಕೇಳ್ತಿ, ಇವತ್ತು ನಾ ಒಂದು ಕೇಳ್ತೀನಿ. ನನಗ ರೋಗ ಇಲ್ಲ. ಹೊರಗಿಂದ ಬಂದಾಕಿನೂ ಅಲ್ಲ. ನನ್ನ ದೂರ ಇಟ್ಟೀಯಲ್ಲ, ಇದು ಎಷ್ಟು ದಿನದ್ದು?"

ಪಾಲಮ್ಮ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು. ನಾನು ಒಳಗೆ ಹೋದೆ.