ಸಂತೆಯ ದಿನ ನೀರು ಕುಡಿಯದ ಹೆಂಗಸರು

ನಾನು ಹುಕ್ಕೇರಿಯಲ್ಲಿ ವಕೀಲಿ ಮಾಡುತ್ತೇನೆ. ಕೋರ್ಟಿಗೆ ರಜೆ ಇದ್ದಾಗ ಹಳ್ಳಿಯ ಹೆಣ್ಣುಮಕ್ಕಳ ಸಂಘಟನೆಯ ಕೆಲಸ. ಈ ಎರಡನೆಯದನ್ನು ನನಗೆ ಹಚ್ಚಿದವರು ಗೋಕಾಕದಲ್ಲಿ ಗಿರಣಿ ಕೆಲಸ ಮಾಡಿ ನಿವೃತ್ತರಾದ ಒಬ್ಬ ಹಿರಿಯರು. ನಾವೆಲ್ಲ ಅವರನ್ನು ಕಾಕಾ ಎಂದೇ ಕರೆಯುವುದು. ಕಾಕಾ ಭಾಷಣಕ್ಕೆ ನಿಂತರೆ ಮನುಷ್ಯ ಬೆಂಕಿ ಕಂಡ ಕಾಲದಿಂದ ಶುರು ಮಾಡುತ್ತಿದ್ದರು. ಊರಿನ ನಳದ ವಿಷಯಕ್ಕೆ ಬರುವಷ್ಟರಲ್ಲಿ ಅರ್ಧ ಜನ ಎದ್ದು ಹೋಗಿರುತ್ತಿದ್ದರು. ಅವರ ಮೇಲೆ ನನಗೆ ಎಷ್ಟು ಪ್ರೀತಿಯೆಂದರೆ, ನಾನೂ ಹಾಗೆಯೇ ಮಾತಾಡಲು ಕಲಿತುಬಿಟ್ಟಿದ್ದೆ.

ನಮ್ಮೂರಿಗೆ ಹತ್ತಿರದ ಒಂದು ದೊಡ್ಡ ಹಳ್ಳಿಯಲ್ಲಿ ವಾರದ ಸಂತೆ ಕೂಡುತ್ತದೆ. ಸುತ್ತಲಿನ ಊರುಗಳಿಂದ ಹೆಂಗಸರು ಕಾಯಿಪಲ್ಲೆ, ಉಳ್ಳಾಗಡ್ಡಿ, ಕಂಬಳಿ ತಂದು ಬೆಳಗಿನಿಂದ ಸಂಜೆಯವರೆಗೆ ಬಿಸಿಲಲ್ಲಿ ಕೂರುತ್ತಾರೆ. ಅವರಿಗೆಂದು ಒಂದು ಶೌಚಾಲಯ ಇರಲಿಲ್ಲ. ಅದನ್ನು ಕೇಳೋಣವೆಂದು ಕರಪತ್ರ ಅಚ್ಚು ಹಾಕಿಸಿಕೊಂಡು ಹೋದೆ. ಮೇಲೆ ದಪ್ಪ ಅಕ್ಷರದಲ್ಲಿ ‘ಮಹಿಳೆಯ ಘನತೆ ಮತ್ತು ಸಂವಿಧಾನ’ ಎಂದಿತ್ತು.

ಒಬ್ಬೊಬ್ಬರ ಮುಂದೆ ನಿಂತು ಹೇಳಿದೆ. ಕೈಚಾಚಿ ಮರ್ಯಾದೆಯಿಂದ ತೆಗೆದುಕೊಂಡರು. ಶೌಚಾಲಯ ಎಂದ ಕೂಡಲೇ ಸೆರಗು ಬಾಯಿಗೆ ಹೋಗುತ್ತಿತ್ತು, ಮುಖ ಆಚೆ ತಿರುಗುತ್ತಿತ್ತು. ಎದುರಿಗೆ ಗಿರಾಕಿ ಗಂಡಸರು ನಿಂತಿರುವಾಗ ಅದೆಂಥ ಮಾತು! ಉಳ್ಳಾಗಡ್ಡಿ ಮಾರುವಾಕೆ ನನ್ನ ಕರಪತ್ರವನ್ನು ನಾಲ್ಕಾಗಿ ಮಡಚಿ, ಅಲುಗಾಡುತ್ತಿದ್ದ ತಕ್ಕಡಿಯ ಕೆಳಗಿಟ್ಟಳು.

ಮಧ್ಯಾಹ್ನದ ಹೊತ್ತಿಗೆ ನನ್ನ ಗಂಟಲು ಕಟ್ಟಿತ್ತು. ಕಂಬಳಿ ಹರವಿಕೊಂಡು ಕೂತಿದ್ದ ಒಬ್ಬ ವಯಸ್ಸಾದ ಆಯಿ ಕೈಮಾಡಿ ಕರೆದಳು. ನಮ್ಮೂರಿನವಳೇ, ಕುರುಬರ ಓಣಿಯವಳು. ನಮ್ಮದು ಊರ ಆಚೆಯ ದಲಿತರ ಓಣಿ, ಬುದ್ಧ ವಿಹಾರ ಇರುವುದು. ಮುಖದ ಪರಿಚಯವಿತ್ತು, ಮಾತಿನ ಬಳಕೆ ಇರಲಿಲ್ಲ.

“ಬಿಸಲಾಗ ಎಷ್ಟ ತಿರಗತಿ ತಂಗಿ? ಬಾ, ಕುಂದರ. ಚಹಾ ಕುಡಿ.”

“ಬ್ಯಾಡ ಆಯಿ.”

“ಯಾಕ, ನಮ್ಮ ಕೈಯಾಂದು ಕುಡಿಯಂಗಿಲ್ಲೇನ?”

ನಮ್ಮ ಎರಡು ಓಣಿಗಳ ನಡುವೆ ಆ ಪ್ರಶ್ನೆಯನ್ನು ನಾವು ಕೇಳಬೇಕಾಗಿತ್ತೇ ಹೊರತು ಅವರಲ್ಲ. ಪಕ್ಕ ಕೂತು ಮೆಲ್ಲಗೆ ಹೇಳಿದೆ: “ಹಂಗಲ್ಲ ಆಯಿ. ಕುಡದ್ರ ಆಮ್ಯಾಲ ಎಲ್ಲಿ ಹೋಗಲಿ?”

ಆಯಿ ನನ್ನ ಮುಖ ನೋಡಿದಳು. ಆಮೇಲೆ ಮೈ ಕುಲುಕುವ ಹಾಗೆ ನಕ್ಕಳು. “ಅಯ್ಯ ನನ್ನ ಕೂಸ! ನಾನೂ ಮುಂಜಾನಿಂದ ಒಂದ ಗುಟುಕ ನೀರ ಕುಡದಿಲ್ಲ.”

ಉಳ್ಳಾಗಡ್ಡಿಯಾಕೆ ಈ ಕಡೆ ತಿರುಗಿದಳು. “ನಾನೂ ಇಲ್ಲಬೇ.”

“ಅಲ್ಲ,” ಎಂದಳು ಆಯಿ, “ನಮ್ಮ ಕುರಿಗೆ ನೀರ ಕುಡಸದ ನಾವು ಒಂದ ಹೆಜ್ಜಿ ಮುಂದ ಹೋಗಂಗಿಲ್ಲ. ನಮ್ಮನ್ನ ಮಾತ್ರ ಕುಡಿ ಅನ್ನಾವ್ರಿಲ್ಲ ನೋಡು.”

ಆಗ ನಾನು ಕರಪತ್ರಗಳನ್ನು ಚೀಲದೊಳಗೆ ಹಾಕಿ, ನನ್ನ ಅವ್ವನ ಸುದ್ದಿ ಹೇಳಿದೆ. ಅವ್ವ ಕೊಣ್ಣೂರ ಕಡೆ ಕಬ್ಬು ಕಡಿಯಲು ಹೋಗುತ್ತಿದ್ದಳು. ಕಬ್ಬು ನಿಂತಿರುವತನಕ ಮರೆ ಇರುತ್ತಿತ್ತು. ಕಡಿದು ಹೊಲ ಬಯಲಾದ ಮೇಲೆ ಹೆಂಗಸರು ಬೆನ್ನು ಮಾಡಿ ಸುತ್ತ ನಿಂತು, ಸೆರಗು ಹಿಡಿದು, ಒಬ್ಬರಿಗೊಬ್ಬರು ಗೋಡೆಯಾಗುತ್ತಿದ್ದರು. ಚಿಕ್ಕವಳಾಗಿದ್ದ ನಾನೂ ಆ ಗೋಡೆಯಲ್ಲಿ ಒಂದು ಇಟ್ಟಿಗೆಯಂತೆ ನಿಂತಿದ್ದೆ. ಇದನ್ನು ನಾನು ಯಾವ ಸಭೆಯಲ್ಲೂ ಹೇಳಿರಲಿಲ್ಲ, ಕಾಕಾನ ಮುಂದೂ ಹೇಳಿರಲಿಲ್ಲ. ಸಂಕೋಚ. ಆದರೆ ಅಲ್ಲಿ ಯಾರೂ ಮುಖ ತಿರುಗಿಸಲಿಲ್ಲ. ಒಬ್ಬಳು ಬಸುರಿಯಾಗಿದ್ದಾಗ ಸಂತೆ ಬಿಟ್ಟು ಮನೆಗೆ ಓಡಿದ್ದು ಹೇಳಿದಳು, ಇನ್ನೊಬ್ಬಳು ಉರಿಮೂತ್ರಕ್ಕೆ ದವಾಖಾನೆ ಸೇರಿದ್ದು ಹೇಳಿದಳು. ನಡುನಡುವೆ ಗಿರಾಕಿ ಬಂದರೆ ಮಾತು ನಿಲ್ಲಿಸಿ, ತೂಗಿ ಕೊಟ್ಟು, ಮತ್ತೆ ಶುರು ಮಾಡುತ್ತಿದ್ದರು.

ಮರುದಿನವೇ ಗೋಕಾಕಕ್ಕೆ ಹೋಗಿ ಕಾಕಾಗೆ ಎಲ್ಲ ಹೇಳಿದೆ. ನಮ್ಮ ಓಣಿಯಲ್ಲಿ ಹೆಂಗಸರ ಸಭೆ ಕರೆಯುತ್ತೇವೆ, ಬರಬೇಕು ಎಂದೆ.

“ಬರತೇನಿ. ನಾ ಯಾವ ವಿಷಯ ಮಾತಾಡ್ಲಿ?”

“ನೀವು ಮಾತಾಡಬ್ಯಾಡ್ರಿ ಕಾಕಾ. ಬಂದು ಕುಂದರ್ರಿ, ಕೇಳ್ರಿ.”

ಅವರ ಮುಖ ಸಣ್ಣದಾಯಿತು. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. “ಆತು,” ಎಂದರು.

ಸಭೆ ವಿಹಾರದ ಅಂಗಳದಲ್ಲಿ. ಆಯಿ ತನ್ನ ಓಣಿಯ ಹೆಂಗಸರನ್ನು ಕರೆದುಕೊಂಡು ಬಂದಳು. ಅವರಲ್ಲಿ ಹಲವರು ಹುಟ್ಟಿದಾಗಿನಿಂದ, ಇಲ್ಲವೆ ಮದುವೆಯಾಗಿ ಬಂದಾಗಿನಿಂದ, ನಮ್ಮ ಓಣಿಗೆ ಕಾಲಿಟ್ಟವರಲ್ಲ. ಅವ್ವ ಜಮಖಾನೆ ಹಾಸಿದಳು. ಆಮೇಲೆ, ಬಂದವರಿಗೆ ಮಾಡುವ ಹಾಗೆ, ಕೊಡದಿಂದ ನೀರು ತುಂಬಿ ತಟ್ಟೆಯಲ್ಲಿ ಲೋಟಗಳನ್ನಿಟ್ಟುಕೊಂಡು ಬಂದಳು. ಮುಂದಿನ ಸಾಲಿನಲ್ಲಿದ್ದ ಕುರುಬರ ಓಣಿಯ ಹೆಂಗಸು ಲೋಟಕ್ಕೆ ಕೈಚಾಚಲಿಲ್ಲ. ಪಕ್ಕದವಳ ಮುಖ ನೋಡಿದಳು. ತಟ್ಟೆ ಹಿಡಿದ ಅವ್ವ ಹಾಗೆಯೇ ನಿಂತಳು.

ಆಯಿ ಹಿಂದಿನಿಂದ ಎದ್ದು ಬಂದು ಲೋಟ ಎತ್ತಿದಳು, ಗಟಗಟ ಕುಡಿದಳು. “ಕುಡೀರಿ, ಕುಡೀರಿ. ಇವತ್ತೇನ ಸಂತಿ ಅಲ್ಲ,” ಎಂದಳು.

ಯಾರೋ ಕಿಸಕ್ಕನೆ ನಕ್ಕರು. ಅಂಗಳವೆಲ್ಲ ನಕ್ಕಿತು. ಲೋಟಗಳು ಖಾಲಿಯಾದವು, ಅವ್ವ ಮತ್ತೆ ಒಳಗೆ ಹೋಗಿ ತುಂಬಿಕೊಂಡು ಬಂದಳು. ಆ ದಿನ ನಾನು ಕಂಡದ್ದು ಸಂವಿಧಾನದ ಯಾವ ಕಲಮು ಓದಿ ಹೇಳಿದ್ದರೂ ಅಷ್ಟು ಬೇಗ ಆಗುತ್ತಿರಲಿಲ್ಲ.

ಕಾಕಾ ಕಂಬಕ್ಕೆ ಒರಗಿ ಎಲ್ಲರ ಮಾತು ಕೇಳಿದರು. ಕೊನೆಗೆ, ಯಾರೂ ಕೇಳದಿದ್ದರೂ, ಕೂತಲ್ಲಿಂದಲೇ ಹೇಳಿದರು: “ನಮ್ಮವ್ವನೂ ಸಂತಿಗೆ ಹೋಗತಿದ್ಲು. ಮನಿಗೆ ಬಂದಕೂಡ್ಲೇ ತಂಬಿಗಿ ಎತ್ತಿ ನೀರ ಕುಡಿತಿದ್ಲು. ಯಾಕಂತ ನಾವು ಯಾರೂ ಕೇಳಲಿಲ್ಲ.” ಅಷ್ಟೇ. ಅವರು ಮಾಡಿದ ಎಲ್ಲ ಭಾಷಣಗಳಲ್ಲಿ ನನಗೆ ಪೂರ್ತಿ ನೆನಪಿರುವುದು ಅದೊಂದೇ.

ಮುಂದಿನ ಸಂತೆಯ ದಿನ ಹೆಂಗಸರು ಖಾಲಿ ತಂಬಿಗೆ ಹಿಡಿದು ಪಂಚಾಯತಿಗೆ ಹೋದರು. ಹೊಸದಾಗಿ ಬಂದಿದ್ದ ಅಧಿಕಾರಿ, ವಯಸ್ಸಿನ್ನೂ ಚಿಕ್ಕದು, ಏನು ಬೇಕೆಂದು ಕೇಳಿದ.

“ನೀರ ಕುಡೀಬೇಕ್ರಿ ಸಾಹೇಬ್ರ,” ಎಂದಳು ಆಯಿ.

“ಹೊರಗ ನಳ ಐತಲ್ರಿ, ಕುಡೀರಿ.”

“ಕುಡದ ಮ್ಯಾಲ ಎಲ್ಲಿ ಹೋಗೂಣು, ನೀವ ಹೇಳ್ರಿ.”

ಆತ ಮೇಜಿನ ಮೇಲಿನ ಪೆನ್ನನ್ನು ನೆಟ್ಟಗೆ ಇಟ್ಟ. ಸೆರಗು ಬಾಯಿಗಿಟ್ಟುಕೊಳ್ಳುತ್ತಿದ್ದ ಹೆಂಗಸರೇ ಅವನನ್ನು ನೇರವಾಗಿ ನೋಡುತ್ತ ನಿಂತಿದ್ದರು. ಅರ್ಜಿ ಬರೆದದ್ದು ನಾನೇ, ಓದುವ ಪ್ರಸಂಗ ಬರಲಿಲ್ಲ.

ಶೌಚಾಲಯವೇನು ಮರುವಾರವೇ ಆಗಲಿಲ್ಲ. ಜಾಗದ ತಕರಾರು ಬಂತು, ಮಳೆಗಾಲ ಬಂತು. ಪ್ರತಿ ಸಂತೆಗೂ ತಂಬಿಗೆಗಳು ಪಂಚಾಯತಿಯ ಮೆಟ್ಟಿಲು ಹತ್ತಿದವು. ಕಡೆಗೆ ಸಂತೆಯ ಹಿಂಬದಿಗೆ ಎರಡು ಕೋಣೆ ಎದ್ದವು, ಮೇಲೊಂದು ನೀರಿನ ಟಾಕಿ. ಒಮ್ಮೊಮ್ಮೆ ಟಾಕಿ ಬತ್ತುತ್ತದೆ. ಆಗ ನಾನು ಬರುವುದನ್ನು ಯಾರೂ ಕಾಯುವುದಿಲ್ಲ, ಅವರೇ ಹೋಗಿ ಕೇಳುತ್ತಾರೆ.

ಈಚೆಗೆ ಮೂಡಲಗಿ ಕಡೆಯ ಹೆಂಗಸರು, ತಮ್ಮ ಸಂತೆಗೂ ಶೌಚಾಲಯ ಕೇಳಬೇಕೆಂದು, ನಮ್ಮನ್ನು ಕರೆದರು. ಆಯಿಯನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಮಾತು ಶುರು ಮಾಡುವ ಮೊದಲೇ ಒಬ್ಬ ಹೆಂಗಸು ತನ್ನ ಸೊಸೆಯ ಸುದ್ದಿ ತೆಗೆದಳು. ಸೊಸೆಗೆ ಓದುವ ಆಸೆಯಂತೆ, ಮನೆಯಲ್ಲಿ ಯಾರಿಗೂ ಮನಸ್ಸಿಲ್ಲವಂತೆ. ವಿಷಯ ಬೇರೆಯಾಯಿತಲ್ಲ ಎಂದು ನಾನು ಬಾಯಿ ಹಾಕಲು ಹೋದೆ.

ಆಯಿ ನನ್ನ ತೊಡೆಯ ಮೇಲೆ ಕೈಯಿಟ್ಟು, ಆ ಅತ್ತೆಯ ಕಡೆ ತಿರುಗಿ, “ನಿನಗ ಮನಸೈತೇನು? ಹೇಳು,” ಎಂದಳು.