ಓನರಮ್ಮ ಮತ್ತು ನನ್ನ ಸಮುದ್ರ

ಆಂಡರ್ಸನ್‌ಪೇಟೆಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಓನರಮ್ಮ ಯಾವ ಮಾತನ್ನೂ "ನಾನೇನೂ ಅನ್ನಲ್ಲಪ್ಪ" ಎಂದೇ ಶುರುಮಾಡುತ್ತಿದ್ದರು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎಲ್ಲವನ್ನೂ ಅನ್ನುತ್ತಿದ್ದರು.

ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಊರಿನಲ್ಲಿ ನಾನು ಉಪ್ಪುನೀರು ಕಲಸಿ, ಗಾಜಿನ ತೊಟ್ಟಿಯಲ್ಲಿ ಹವಳ ಮತ್ತು ಸಮುದ್ರದ ಮೀನು ಸಾಕುತ್ತಿದ್ದೆ. ಬಂದವರಿಗೆಲ್ಲ ಸಮುದ್ರದ ಪಾಠ ಹೇಳುತ್ತಿದ್ದೆ. ನಾನು ಸಮುದ್ರ ನೋಡಿದ್ದು ಒಂದೇ ಸಲ, ಅದೂ ಶಾಲೆಯ ಪ್ರವಾಸದಲ್ಲಿ, ಬಸ್ಸಿನ ಕಿಟಕಿಯಿಂದ.

ಇನ್ನೂ ದೊಡ್ಡ ತೊಟ್ಟಿ ತಂದ ಭಾನುವಾರ ಹವಳ, ಮೀನುಗಳನ್ನು ಪ್ಲಾಸ್ಟಿಕ್ ಟಬ್ಬುಗಳಿಗೆ ಇಳಿಸಿದೆ. ಹೊಸ ತೊಟ್ಟಿಗೆ ಮರಳು ಸುರಿದ ಕೂಡಲೇ ನೀರು ಮಜ್ಜಿಗೆಯಂತಾಯಿತು. ಅದು ತಿಳಿಯಾಗುವ ಮೊದಲೇ ಕರೆಂಟು ಹೋಗಿ, ಟಬ್ಬುಗಳ ನೀರಿಗೆ ಗಾಳಿ ಊದುತ್ತಿದ್ದ ಪಂಪು ನಿಂತಿತು. ಬ್ಯಾಟರಿ ಪಂಪು ಇರಲೇಬೇಕೆಂದು ಊರಿಗೆಲ್ಲ ಉಪದೇಶ ಮಾಡಿದ್ದ ನಾನು ಅದನ್ನು ಕೊಂಡಿರಲಿಲ್ಲ.

ಮೆಟ್ಟಿಲ ಮೇಲೆ ನೀರು ಚೆಲ್ಲಿದ್ದಕ್ಕೆ ಬೈಯಲು ಓನರಮ್ಮ ಬಂದರು. ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು, ನಾನು ಅಳುಮೋರೆ ಹಾಕಿಕೊಂಡು ಕೂತಿದ್ದೆ.

"ಏನಾಯ್ತಪ್ಪಾ ಇವಕ್ಕೆ?"

"ಉಸಿರು ಕಟ್ತಾ ಇದೆ ಅಮ್ಮಾ. ನೀರಿಗೆ ಗಾಳಿ ಸೇರ್ಬೇಕು."

"ಮತ್ತೆ ಕೂತ್ಕಂಡಿದ್ದೀಯಲ್ಲಾ! ಒಳಗೆ ಓಗಿ ಎರಡು ಸ್ಟೀಲ್ ಚೊಂಬು ತಕಂಬಾ."

ಅವರು ಒಂದು ಟಬ್ಬಿನ ಮುಂದೆ ಕೂತರು, ನಾನು ಇನ್ನೊಂದರ ಮುಂದೆ. ಕಾಫಿ ಆರಿಸುವಂತೆ ನೀರನ್ನು ಎತ್ತಿ ಎತ್ತಿ ಸುರಿದೆವು. ನಡುವೆ ನಾನು ಆಮ್ಲಜನಕದ ವಿವರಣೆ ಶುರುಮಾಡಿದೆ. "ಬಾಯಿ ಆಮೇಲೆ, ಮೊದ್ಲು ಕೈ ಆಡ್ಸು," ಎಂದರು. ಸಂಜೆ ಕರೆಂಟು ಬಂದಾಗ ಮೀನುಗಳೆಲ್ಲ ಬದುಕಿದ್ದವು.

ಮರುದಿನ ನೀರು ತಿಳಿಯಾಗಿ ಮೀನುಗಳನ್ನು ಹೊಸ ತೊಟ್ಟಿಗೆ ಬಿಟ್ಟ ಮೇಲೆ, ಅವರು ಬೀದಿಯ ಹೆಂಗಸರನ್ನು ಕರೆತಂದು ಅದರ ಮುಂದೆ ನಿಲ್ಲಿಸಿದರು.

"ಇವನ್ನೆಲ್ಲ ಉಳ್ಸಿದ್ದು ನಾನೇ," ಎಂದರು. ಆಮೇಲೆ ನನ್ನ ಕಡೆ ಕೈ ತೋರಿಸಿ, "ಪಾಪ, ಈ ಉಡ್ಗನೂ ಒಂದು ಕೈ ಆಕ್ದ," ಎಂದರು.

ಆ ಮಾತಿನಲ್ಲಿ ತಿದ್ದಲು ನನಗೆ ಏನೂ ಸಿಗಲಿಲ್ಲ.