ಸಿವುಡು ಹಿಡಿದ ಕೈ

ಮಕ್ಕಳೇ, ನಿಮ್ಮ ಅಕ್ಕ ದೇಶದ ಅಂಗಿ ತೊಟ್ಟು ಫುಟ್ಬಾಲ್ ಆಡಿದ್ದನ್ನು ನೀವು ಟಿ.ವಿ.ಯಲ್ಲಿ ನೋಡಿದ್ದೀರಿ. ಅವಳು ಮನೆಯಿಂದ ಹೊರಟ ಮುಂಜಾನೆ ಮಾತ್ರ ನೀವಿನ್ನೂ ಹಾಸಿಗೆಯಲ್ಲಿದ್ದಿರಿ. ನೀವು ಆಯಿ ಎಂದು ಕರೆಯುವ ಈ ಅಜ್ಜಿ ಊರ ಶಾಲೆಯಲ್ಲಿ ಏಳನೇ ಇಯತ್ತೆವರೆಗೆ ಕಲಿತವಳು. ನಾಲ್ಕು ಜನರ ಮುಂದೆ ನನಗೆ ಮಾತು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹತ್ತಿಮತ್ತೂರಿನ ನಮ್ಮ ಕಣದಲ್ಲಿ ಜೋಳದ ಕಣಿಕೆಯ ಬಣವೆ ಒಟ್ಟುವಾಗ, ಮೇಲೆ ನಿಂತು ಸಿವುಡು, ಅಂದರೆ ದಂಟಿನ ಕಟ್ಟು, ಹಿಡಿಯುವ ಕೆಲಸ ನನ್ನದಾಗಿತ್ತು. ಕೆಳಗಿನವರು ಒಂದರ ಹಿಂದೊಂದು ಕಟ್ಟು ಎಸೆಯುತ್ತಾರೆ. ಬರೀ ಕೈ ಚಾಚಿದರೆ ಸಿವುಡು ಜಾರುತ್ತದೆ, ಇಲ್ಲವೇ ಆಯ ತಪ್ಪಿ ನಾವೇ ಬೀಳುತ್ತೇವೆ. ನಿಮ್ಮ ಅಕ್ಕ ಎಂಟು ವರ್ಷದವಳಿದ್ದಾಗ ಹಟ ಹಿಡಿದು ಬಣವೆ ಏರಿದಳು. "ಕೈ ನೋಡಬ್ಯಾಡ, ಬರೋ ಸಿವುಡ ನೋಡು. ಎದಿಗೆ ಅವಚಿಕೋ," ಎಂದು ಹೇಳಿಕೊಟ್ಟೆ.

ಮುಂದೆ ಸವಣೂರಿನ ಹೈಸ್ಕೂಲಿನಲ್ಲಿ ಆಟದ ಮಾಸ್ತರರು ಅವಳನ್ನು ಗೋಲಿನ ಮುಂದೆ ನಿಲ್ಲಿಸಿ, "ಹಿಂಗ ಹಿಡಿಯೋದು ಯಾರು ಕಲಿಸ್ಯಾರವ್ವ?" ಎಂದು ಕೇಳಿದರಂತೆ. "ನಮ್ಮ ಆಯಿರಿ" ಅಂದಳಂತೆ. "ಯಾವ ಟೀಮಿಗೆ ಆಡ್ತಿದ್ರು ನಿಮ್ಮ ಆಯಿ?" ಅಂದರಂತೆ!

ಶಿಗ್ಗಾಂವಿ, ಹಾನಗಲ್ಲು, ಹಿರೇಕೆರೂರು ಎಂದು ಊರೂರು ಆಡಿ, ರಾಜ್ಯದ ತಂಡ ಸೇರಿ, ಹದಿನೇಳು ವರ್ಷದೊಳಗಿನ ಹುಡುಗಿಯರ ಅಂತಾರಾಷ್ಟ್ರೀಯ ಪಂದ್ಯಾವಳಿಗೆ ಅವಳು ಆಯ್ಕೆಯಾದಳು.

ನಿಮ್ಮ ಅಜ್ಜ ತೀರಿಕೊಂಡಾಗಿನಿಂದ, ಮನೆಯಲ್ಲಿ ಯಾರೇ ಒಳ್ಳೆಯ ಕೆಲಸಕ್ಕೆ ಹೊರಟರೂ ನಾನು ಹಿತ್ತಲಿಗೆ ಹೋಗಿಬಿಡುತ್ತಿದ್ದೆ. ಎದುರಿಗೆ ಬರಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿಸಿಕೊಳ್ಳುವ ಮೊದಲೇ ಸರಿಯುವುದನ್ನು ನಾನೇ ರೂಢಿ ಮಾಡಿಕೊಂಡಿದ್ದೆ. ಅವಳು ಹೊರಟ ಮುಂಜಾನೆ ಮೊಸರು ಸಕ್ಕರೆ ಕೊಟ್ಟು ಕಳಿಸಲು ನಿಮ್ಮ ಸಣ್ಣಾಯಿ, ಅಂದರೆ ನಿಮ್ಮ ಅಜ್ಜನ ತಮ್ಮನ ಹೆಂಡತಿ, ನನ್ನ ನೆಗೆಣ್ಣಿ, ಬಂದಿದ್ದಳು. ನಾನು ಎಮ್ಮೆಯ ಹಿಂದೆ ಸಗಣಿ ಬಾಚುತ್ತಿದ್ದೆ.

ನಿಮ್ಮ ಅಕ್ಕ ಬ್ಯಾಗು ಹೊತ್ತುಕೊಂಡೇ ಅಲ್ಲಿಗೆ ಬಂದಳು.

"ಆಯಿ, ಮೊಸರು ನೀ ಹಾಕು ಬಾ."

"ಹುಚ್ಚಿ, ಬಸ್ ತಪ್ತೈತಿ. ಸಣ್ಣಾಯಿ ಅದಾಳಲ್ಲ."

"ತಪ್ಪಿದ್ರ ತಪ್ಪಲಿ. ನನ್ನ ಬಣವಿ ಮ್ಯಾಲ ನಿಂದ್ರಿಸಿದಾಕಿ ನೀನು. ಈಗ ಎಮ್ಮಿ ಹಿಂದ ಅಡಗಿದ್ರ ಹೆಂಗ?"

ಒಳಗಿನಿಂದ ನೆಗೆಣ್ಣಿ ಕೂಗಿದಳು: "ಬಸ್ಸೇನು ನಿಮ್ಮಪ್ಪಂದೇನ ಕಾಯಾಕ? ಲಗೂನ ಬಾ!"

ಕೈ ತೊಳೆದು ಹೋದೆ. ಅವಸರದಲ್ಲಿ ಅವಳ ಅಂಗೈಗೆ ಮೊಸರು ಹಾಕಿದೆ. ಅರ್ಧ ಅವಳ ಹೊಸ ಬೂಟಿನ ಮೇಲೆ ಚೆಲ್ಲಿತು. ನೆಗೆಣ್ಣಿ ಆ ಬೂಟನ್ನೇ ನೋಡಿದಳು. ಹುಡುಗಿ ಸೋತು ಬಂದರೆ ನನ್ನ ಮುಖ ನೋಡಿ ಹೋದದ್ದಕ್ಕೇ ಎನ್ನುತ್ತಾರೆ ಎಂಬ ಭಯ ಅವತ್ತೇ ಹಿಡಿಯಿತು. ಅವರು ಅನ್ನದಿದ್ದರೂ ನಾನು ಅಂದುಕೊಳ್ಳುತ್ತಿದ್ದೆ.

ಪಂದ್ಯದ ದಿನ ಪಡಸಾಲೆ ತುಂಬಿತ್ತು. ನೆಗೆಣ್ಣಿ ಶೇಂಗಾ ಸುಲಿಯುತ್ತ ಕೂತಿದ್ದಳು. "ಎಲ್ಲಾರೂ ಓಡಾಕತ್ತಾರ, ನಮ್ಮ ಹುಡುಗಿ ಒಬ್ಬಾಕಿನ್ನ ಯಾಕ ನಿಂದ್ರಿಸ್ಯಾರ? ಏನ್ ತಪ್ಪು ಮಾಡೇತಿ ಕೂಸು?" ಎಂದು ಜಗಳಕ್ಕೇ ನಿಂತಳು.

"ಚಿಗವ್ವ, ಅದಽ ಆಕಿ ಕೆಲಸ," ಎಂದು ನಿಮ್ಮಪ್ಪ ನಕ್ಕ.

ಸ್ವಲ್ಪ ಹೊತ್ತಿಗೆ ಪರದೇಶದವರು ಒಂದು ಗೋಲು ಹೊಡೆದರು. ಶೇಂಗಾ ಸುಲಿಯುವ ಕೈ ನಿಂತಿತು. ನಾನು ಯಾರ ಮುಖವನ್ನೂ ನೋಡದೆ ಎದ್ದು ಹಿತ್ತಲ ಬಾಗಿಲಿಗೆ ಹೋದೆ.

"ಅವ್ವಾ, ನಿಂದ್ರು! ನೋಡಿಲ್ಲೆ!" ಎಂದು ನಿಮ್ಮಪ್ಪ ಕೂಗಿದ.

ತಿರುಗಿ ನೋಡಿದೆ. ಎದುರು ತಂಡದ ಎತ್ತರದ ಹುಡುಗಿ ಒಬ್ಬಳೇ ನುಗ್ಗಿ ಬಂದು ಒದ್ದಳು. ನಿಮ್ಮ ಅಕ್ಕ ಚೆಂಡನ್ನು ಎದೆಗೆ ಅವಚಿಕೊಂಡು ನೆಲಕ್ಕೆ ಬಿದ್ದಳು, ಬಿದ್ದರೂ ಬಿಡಲಿಲ್ಲ. ಅದು ನನ್ನ ಕಣದ ಹಿಡಿತ. ಆಮೇಲೆ ಇನ್ನೊಂದು ಹಿಡಿದಳು, ಮತ್ತೊಂದು ಹಿಡಿದಳು. ನಾನು ಹೊಸ್ತಿಲ ಮೇಲೇ ನಿಂತು ಕಡೆಯವರೆಗೂ ನೋಡಿದೆ.

ಆ ಒಂದೇ ಗೋಲಿನಿಂದ ನಮ್ಮವರು ಸೋತರು. ನೆಗೆಣ್ಣಿ ನನ್ನ ಕಡೆ ತಿರುಗಿದಳು. ಬಂತು ಮಾತು ಎಂದುಕೊಂಡು ಸೆರಗು ಬಿಗಿಹಿಡಿದೆ.

"ಉಳಿದ ಹತ್ತು ಮಂದಿ ಏನ್ ಮಾಡಿದ್ರಕ್ಕಾ? ಒಂದಾರ ಹೊಡಿಬೇಕಿಲ್ಲ? ನಮ್ಮ ಹುಡುಗಿ ಎಷ್ಟಂತ ಹಿಡಿಬೇಕು!" ಅಂದಳು.

ಮೊನ್ನೆ ನಿಮ್ಮ ಅಕ್ಕ ಮತ್ತೆ ತರಬೇತಿಗೆ ಹೊರಟಾಗ ನಾನು ಹಿತ್ತಲಿಗೆ ಹೋಗಲಿಲ್ಲ. ನೆಗೆಣ್ಣಿಯೇ ಮೊಸರಿನ ಬಟ್ಟಲು ತಂದು ನನ್ನ ಕೈಗಿಟ್ಟಳು.

"ಈ ಸಲ ಬೂಟಿನ ಮ್ಯಾಲ ಚೆಲ್ಲಬ್ಯಾಡಕ್ಕಾ," ಅಂದಳು.

ಚೆಲ್ಲಲಿಲ್ಲ.